ಪರವಾನಗಿಯ ಪಿಸ್ತೂಲನ್ನು ನಾನು ಆರಿಸಿಕೊಂಡ ಬಗೆ

ನಮ್ಮ ದೇಶದಲ್ಲಿ ಪಿಸ್ತೂಲು ಕೊಳ್ಳಲು ಹೊರಟವನ ಆಯ್ಕೆಯ ಬಹುಭಾಗವನ್ನು, ಅವನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಕಾನೂನು ಮುಗಿಸಿರುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ಕಣ್ಣಿಗೆ ಬೀಳುವ ಗ್ಲಾಕ್, ಸಿಗ್ ಸಾವರ್ ಮುಂತಾದ ಸಣ್ಣ ಪಿಸ್ತೂಲುಗಳಲ್ಲಿ ಹೆಚ್ಚಿನವು 9 ಎಂ.ಎಂ. ಗುಂಡಿನವು. ಆ ಬೋರು, ಅಂದರೆ ಬ್ಯಾರೆಲ್ಲಿನ ಒಳ ಅಳತೆ, ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ; .38 ಬೋರಿನ ರಿವಾಲ್ವರ್‌ಗಳಿಗೂ ಅದೇ ನಿಷೇಧವಿದೆ. 1980ರ ದಶಕದ ಮಧ್ಯಭಾಗದಿಂದ ಜನಸಾಮಾನ್ಯರ ಮಾರಾಟಕ್ಕಾಗಿ ವಿದೇಶಿ ಕೈಬಂದೂಕುಗಳ ಆಮದೂ ನಿಂತುಹೋಗಿದೆ. ಹೀಗಾಗಿ ಪರವಾನಗಿದಾರನ ಮುಂದೆ ಹೆಚ್ಚಾಗಿ ಉಳಿಯುವುದು .32 ಮತ್ತು .22 ಬೋರಿನ ದೇಶೀಯ ಆಯುಧಗಳು, ಇಲ್ಲವೇ ಆಮದು ನಿಲ್ಲುವ ಮೊದಲು ಬಂದು ಒಬ್ಬ ಪರವಾನಗಿದಾರನಿಂದ ಇನ್ನೊಬ್ಬನ ಕೈ ಸೇರುತ್ತಾ ಬಂದಿರುವ ಹಳೆಯ ವಾಲ್ಟರ್, ಬ್ರೌನಿಂಗ್, ವೆಬ್ಲಿಗಳು. ಈ ಕಿರಿದಾದ ವಲಯದೊಳಗೆ ನಂಬಬಹುದಾದ ಒಂದನ್ನು ನಾನು ಹೇಗೆ ಕಂಡುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತಿಕೋಟಾ ಭಾಗದ ಒಣದ್ರಾಕ್ಷಿ ವ್ಯಾಪಾರಿ. ಹಂಗಾಮು ಮುಗಿದ ಮೇಲೆ ವಿಜಯಪುರದ ಮಾರುಕಟ್ಟೆಗೂ ಅಥಣಿ, ಮಿರಜ ದಾರಿಯಾಗಿ ಸಾಂಗಲಿ ಮತ್ತು ತಾಸಗಾಂವ ಪೇಟೆಗಳಿಗೂ ಓಡಾಡುತ್ತೇನೆ. ಬ್ಯಾಂಕಿನ ಮೂಲಕ ಎಷ್ಟೇ ವ್ಯವಹಾರ ನಡೆದರೂ ರೈತರಿಗೆ ಮತ್ತು ಕೂಲಿಗೆ ಕೊಡುವ ನಗದು ಕೈಯಲ್ಲಿ ಇದ್ದೇ ಇರುತ್ತದೆ, ಮತ್ತು ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಬಹಳ ದೂರದವರೆಗೆ ಒಂದು ದೀಪವೂ ಕಾಣುವುದಿಲ್ಲ. ಈ ಕಾರಣವನ್ನೇ ಅರ್ಜಿಯಲ್ಲಿ ಬರೆದು, ವ್ಯವಹಾರದ ದಾಖಲೆಗಳನ್ನು ಲಗತ್ತಿಸಿ, ಜಿಲ್ಲಾ ದಂಡಾಧಿಕಾರಿಗಳ ಕಚೇರಿಗೆ ಸಲ್ಲಿಸಿದೆ. 2016ರ ಆಯುಧ ನಿಯಮಗಳ ಪ್ರಕಾರ ಎ-1 ನಮೂನೆಯ ಅರ್ಜಿ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರ, ಆಯುಧವನ್ನು ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಎಲ್ಲವೂ ಬೇಕು. ಪೊಲೀಸ್ ವರದಿ ಬೇರೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ, ಮತ್ತು ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳು 2. ಕಚೇರಿಯ ಓಡಾಟದ ಕಥೆಯನ್ನು ನಾನು ಬೆಳೆಸುವುದಿಲ್ಲ, ಆದರೆ ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಪರವಾನಗಿಯಲ್ಲಿ ಬರೆದ ವ್ಯಾಪ್ತಿ ಕರ್ನಾಟಕಕ್ಕಷ್ಟೇ ಸೀಮಿತವಾಗಿದ್ದರೆ ಅಥಣಿ ದಾಟಿ ಮಹಾರಾಷ್ಟ್ರದ ಗಡಿಯೊಳಗೆ ಕಾಲಿಟ್ಟ ಗಳಿಗೆಯಲ್ಲೇ ಆ ಪಿಸ್ತೂಲು ಅಕ್ರಮವಾಗುತ್ತದೆ. ನಮ್ಮಂತಹ ಗಡಿಜಿಲ್ಲೆಯ ವ್ಯಾಪಾರಿಗಳು ಅರ್ಜಿ ಹಾಕುವಾಗಲೇ ಈ ವ್ಯಾಪ್ತಿಯ ವಿಷಯವನ್ನು ಅಧಿಕಾರಿಗಳ ಹತ್ತಿರ ಸ್ಪಷ್ಟಪಡಿಸಿಕೊಳ್ಳಬೇಕು.

ಇನ್ನೊಂದನ್ನೂ ಹೇಳದೆ ಮುಂದೆ ಹೋಗಲಾರೆ. ಭೀಮಾ ತೀರದ ಹೆಸರು ಕಂಟ್ರಿ ಪಿಸ್ತೂಲುಗಳೊಂದಿಗೆ ತಳಕು ಹಾಕಿಕೊಂಡು ನಮ್ಮ ಜಿಲ್ಲೆಯ ಮಾನ ಕಳೆದಿದೆ. ಪರವಾನಗಿಗೆ ಅಲೆಯುವುದಕ್ಕಿಂತ ಅದೇ ಸುಲಭವೆಂದು ಹೇಳುವವರು ಇಂದಿಗೂ ಸಿಗುತ್ತಾರೆ. ಪರವಾನಗಿಯಿಲ್ಲದ ಬಂದೂಕು ಸಿಕ್ಕರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷದ ಸೆರೆವಾಸವಿದೆ. ನಿಷೇಧಿತ ಆಯುಧವಾದರೆ 7ರಿಂದ 14 ವರ್ಷ. ಕಾನೂನನ್ನು ಬದಿಗಿಟ್ಟರೂ, ಯಾವ ಉಕ್ಕಿನಿಂದ ಯಾರು ಕೊರೆದರೆಂದು ತಿಳಿಯದ, ಒತ್ತಡ ಪರೀಕ್ಷೆಯ ಮುದ್ರೆಯಿಲ್ಲದ ಬ್ಯಾರೆಲ್ಲು ಹಿಡಿದವನ ಕೈಯಲ್ಲೇ ಸಿಡಿಯಬಹುದು. ನಂಬಿಕೆಯ ಆಯುಧ ಬೇಕೆನ್ನುವವನ ಯೋಚನೆಯೊಳಗೆ ಅದು ಬರಲೇಬಾರದು.

ಮೊದಲ ಪ್ರಶ್ನೆ ರಿವಾಲ್ವರೋ ಪಿಸ್ತೂಲೋ ಎಂಬುದಾಗಿತ್ತು. .32 ಎಂದು ಎರಡಕ್ಕೂ ಒಂದೇ ಹೆಸರಿದ್ದರೂ ತೋಟಾಗಳು ಬೇರೆ: ರಿವಾಲ್ವರಿನದು 7.65×23 ಎಂ.ಎಂ., ಪಿಸ್ತೂಲಿನದು 7.65×17 ಎಂ.ಎಂ. ಒಂದರದು ಇನ್ನೊಂದಕ್ಕೆ ನಡೆಯುವುದಿಲ್ಲ. ಸರ್ಕಾರಿ ಕಾರ್ಖಾನೆಯ ಹಳೆಯ .32 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ. 2014ರಲ್ಲಿ ಬಂದ ‘ನಿರ್ಭೀಕ’ 500 ಗ್ರಾಂ. ಎರಡರಲ್ಲೂ 6 ಗುಂಡುಗಳು. ರಿವಾಲ್ವರಿನ ದೊಡ್ಡ ಗುಣವನ್ನು ನಾನು ಪೂರ್ತಿ ಒಪ್ಪುತ್ತೇನೆ: ಒಂದು ತೋಟಾ ಹತ್ತದಿದ್ದರೆ ಟ್ರಿಗರ್ ಮತ್ತೊಮ್ಮೆ ಎಳೆದರೆ ಸಾಕು, ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಾದರೆ ಎರಡೂ ಕೈ ಬಳಸಿ, ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡ್ ಎಳೆದು ಹತ್ತದ ತೋಟಾವನ್ನು ಹೊರಹಾಕಬೇಕು. ತರಬೇತಿಗೆ ಸಮಯ ಕೊಡಲಾಗದವರಿಗೆ ನಾನು ಇಂದಿಗೂ ರಿವಾಲ್ವರನ್ನೇ ಹೇಳುತ್ತೇನೆ.

ಆದರೂ ನಾನು ಪಿಸ್ತೂಲಿನ ಕಡೆಗೆ ವಾಲಿದ್ದು ಕಾನೂನಿನ ಒಂದು ಷರತ್ತಿನಿಂದ ಮತ್ತು ನಮ್ಮೂರಿನ ಬಿಸಿಲಿನಿಂದ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇಡಬೇಕು, ಅದು ಸಂಪೂರ್ಣವಾಗಿ ಮುಚ್ಚಿರಬೇಕು, ಮತ್ತು ಅದರ ಮೇಲೆ ಹೊತ್ತವನ ಹಿಡಿತವಿರಬೇಕು ಎಂದು 2016ರ ನಿಯಮಗಳು ಹೇಳುತ್ತವೆ. ಅಂದರೆ ಮರೆಮಾಡಿ ಒಯ್ಯುವುದು ನಮ್ಮಲ್ಲಿ ಕರ್ತವ್ಯ. ಮದುವೆ ಮನೆಯಲ್ಲಿ ಸೊಂಟದ ಮೇಲೆ ಕಾಣುವಂತೆ ಕಟ್ಟಿಕೊಂಡು ತಿರುಗುವ ಶೋಕಿ ಆ ನಿಯಮಕ್ಕೆ ವಿರುದ್ಧ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಆ ದಿನಗಳಲ್ಲಿ ತೆಳುವಾದ ಹತ್ತಿಯ ಅಂಗಿಯ ಮೇಲೆ ಇನ್ನೊಂದು ಬಟ್ಟೆ ತೊಡುವುದು ಆಗದ ಮಾತು. ರಿವಾಲ್ವರಿನ ದುಂಡನೆಯ ಸಿಲಿಂಡರ್ ಅಂತಹ ಅಂಗಿಯ ಕೆಳಗೆ ಉಬ್ಬಿ ಕಾಣುತ್ತದೆ, ಕಾರಿನಲ್ಲಿ ಬೆಲ್ಟ್ ಹಾಕಿ ಕುಳಿತರೆ ಪಕ್ಕೆಗೆ ಒತ್ತುತ್ತದೆ. ಚಪ್ಪಟೆಯಾದ ಪಿಸ್ತೂಲು ದೇಹಕ್ಕೆ ಅಂಟಿಕೊಂಡು ಮರೆಯಾಗುತ್ತದೆ.

ನಿಶ್ಚಯ ಮಾಡುವ ಮೊದಲು ನಾನು ಗುಂಡು ಹಾರಿಸುವುದನ್ನು ಕಲಿತೆ. ಈ ಕ್ರಮವನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ, ಏಕೆಂದರೆ ಕೈಗೆ ಒಗ್ಗುವುದು ಯಾವುದೆಂದು ಕೈಗೆ ತಿಳಿಯದೆ ಕಣ್ಣು ಆರಿಸಿದರೆ ಪ್ರಯೋಜನವಿಲ್ಲ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ಆಗಾಗ ನಾಗರಿಕ ಬಂದೂಕು ತರಬೇತಿಯ ಶಿಬಿರಗಳನ್ನು ನಡೆಸುತ್ತದೆ. ಬಂದೂಕಿನ ಶಿಸ್ತು ನನಗೆ ಅಲ್ಲಿ ಬಂತು. ಪಿಸ್ತೂಲಿನ ಪಾಠ ಹೇಳಿಕೊಟ್ಟವರು ಬೆಳಗಾವಿಯ ಒಬ್ಬ ನಿವೃತ್ತ ಹವಾಲ್ದಾರರು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಆ ಊರಿನಲ್ಲಿ ಇಂತಹ ಅನುಭವಿಗಳಿಗೆ ಕೊರತೆಯಿಲ್ಲ. ಅವರು ಮೊದಲ ದಿನ ಹೇಳಿದ್ದು ಹೀಗೆ: “ಸಾವಕಾರ್ರೀ, ಮೊದಲ ಮ್ಯಾಗಜೀನ್ ತಗೀರಿ, ಆಮ್ಯಾಲ ಸ್ಲೈಡ್ ಎಳೀರಿ. ಇದು ಹಿಂದ್ಮುಂದ ಆತಂದ್ರ ಚೇಂಬರಿನ್ಯಾಗ ಒಂದು ತೋಟಾ ಉಳದಬಿಡ್ತದ.” ತೋಟಾಗಳನ್ನು ತುಂಬಿಡುವ ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದರೆ ಒಂದು ತೋಟಾ ಹೊರಬಿದ್ದು ಇನ್ನೊಂದು ಚೇಂಬರಿಗೆ, ಅಂದರೆ ಬ್ಯಾರೆಲ್ಲಿನ ಹಿಂತುದಿಯ ಗೂಡಿಗೆ, ಸೇರುತ್ತದೆ, ಆಮೇಲೆ ಮ್ಯಾಗಜೀನ್ ತೆಗೆದವನು ಪಿಸ್ತೂಲು ಖಾಲಿಯಾಯಿತೆಂದು ತಿಳಿಯುತ್ತಾನೆ. ಮನೆಗಳಲ್ಲಿ ಆಗುವ ದುರಂತಗಳಿಗೆ ಇದೊಂದು ದೊಡ್ಡ ಕಾರಣ. ಈ ಕ್ರಮ ನಿದ್ದೆಗಣ್ಣಿನಲ್ಲೂ ತಪ್ಪದಷ್ಟು ರೂಢಿಯಾದ ಮೇಲೆಯೇ ಅವರು ನನ್ನ ಕೈಗೆ ತೋಟಾ ಕೊಟ್ಟರು.

ಪಿಸ್ತೂಲಿನ ವಿಶ್ವಾಸಾರ್ಹತೆ ಎಂದರೆ ಏನೆಂದು ನನಗೆ ತಿಳಿದದ್ದು ಆ ತೋಟಾವನ್ನು ಅಂಗೈಯಲ್ಲಿಟ್ಟು ನೋಡಿದಾಗ. .32 ಪಿಸ್ತೂಲಿನ ತೋಟಾವನ್ನು ಜಾನ್ ಬ್ರೌನಿಂಗ್ ಅವರು 1899ರ ಸುಮಾರಿಗೆ ರೂಪಿಸಿದರು. ಅದರ ಹಿಂಬದಿಯ ಅಂಚು ಕವಚಕ್ಕಿಂತ ತುಸು ಹೊರಚಾಚಿದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಸರಿದು ಕೂತರೆ ಎರಡೂ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುತ್ತವೆ, ಆಗ ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನ ತೋಟಾ ಮುಂದೆ ಹೋಗುವುದಿಲ್ಲ. ಈ ಅಡಚಣೆಯನ್ನು ಸ್ಲೈಡ್ ಎಳೆದು ಬಿಡಿಸಲಾಗುವುದಿಲ್ಲ, ಮ್ಯಾಗಜೀನನ್ನೇ ಹೊರತೆಗೆದು ಬಿಡಿಸಬೇಕಾಗುತ್ತದೆ. ಪ್ರಾಣದ ಪ್ರಶ್ನೆ ಎದುರಿರುವಾಗ ಅಷ್ಟು ಸಮಯ ಯಾರಿಗೂ ಸಿಗದು. ಆದ್ದರಿಂದ ತುಂಬುವಾಗ ಪ್ರತಿ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಬರುವಂತೆ ಕೂರಿಸಿ, ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ನೋಡುವುದು ನನ್ನ ಅಭ್ಯಾಸವಾಗಿದೆ. ಉದ್ದ ಕಡಿಮೆಯಿರುವ ತೋಟಾಗಳಿಗೆ ಮ್ಯಾಗಜೀನಿನೊಳಗೆ ಹಿಂದೆ ಮುಂದೆ ಸರಿಯಲು ಜಾಗ ಹೆಚ್ಚು, ಅದರಿಂದ ಈ ತೊಂದರೆಯೂ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ದುಂಡುಮೂತಿಯ, ಗುಂಡಿಗೆ ಪೂರ್ತಿ ಲೋಹದ ಹೊದಿಕೆಯಿರುವ, ನಿಗದಿತ ಉದ್ದದ ತೋಟಾಗಳು ಈ ವಿಷಯದಲ್ಲಿ ಒಳ್ಳೆಯವು. ಈ ಬಗೆಯ ಪಿಸ್ತೂಲುಗಳ ವಿನ್ಯಾಸವೇ ಅಂತಹ ತೋಟಾಗಳಿಗಾಗಿ ಆದದ್ದು.

ಈ ತಿಳಿವಳಿಕೆ ಬಂದ ಮೇಲೆ ಅಂಗಡಿಯಲ್ಲಿ ನಾನು ಹೆಚ್ಚು ನೋಡಿದ್ದು ಮ್ಯಾಗಜೀನನ್ನು. ಅದರ ಬಾಯಿಯ ಎರಡು ತುಟಿಗಳು ಸಮವಾಗಿರಬೇಕು, ಒಂದು ಬದಿ ಅಗಲಿರಬಾರದು, ಸ್ಪ್ರಿಂಗು ಕೊನೆಯ ತೋಟಾವನ್ನೂ ಅಷ್ಟೇ ಬಿಗಿಯಾಗಿ ಎತ್ತಬೇಕು. ಒಬ್ಬ ಪರವಾನಗಿದಾರರು ಮಾರಲು ಇಟ್ಟಿದ್ದ ಹಳೆಯ ವಿದೇಶಿ ಪಿಸ್ತೂಲೊಂದರ ಹೊಳಪಿಗೆ ಮನಸ್ಸು ಸೋತಿತ್ತು. ಆದರೆ ಅದರ ಮ್ಯಾಗಜೀನಿನ ಸ್ಪ್ರಿಂಗು ಸೋತುಹೋಗಿತ್ತು, ಬದಲಿ ಮ್ಯಾಗಜೀನು ಎಲ್ಲಿಯೂ ಸಿಗುವಂತಿರಲಿಲ್ಲ. ಬಿಡಿಭಾಗ ಸಿಗದ ಆಯುಧ ಎಷ್ಟೇ ಪ್ರಸಿದ್ಧವಾದರೂ ಅದು ಸಂಗ್ರಹಕಾರನಿಗೆ ತಕ್ಕುದು, ದಾರಿಯಲ್ಲಿ ಓಡಾಡುವವನಿಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ಕಾರಿ ಕಾರ್ಖಾನೆಯ ‘ಅಶನಿ’ ಮುಂತಾದ ದೇಶೀಯ .32 ಪಿಸ್ತೂಲುಗಳ ಕಡೆಗೆ ನಾನು ಹೊರಳಿದ್ದು ಈ ಕಾರಣಕ್ಕೆ. ಹೊಸದು, ಇತಿಹಾಸ ಗೊತ್ತಿರುವುದು, ಎರಡು ಮ್ಯಾಗಜೀನ್ ಜೊತೆಗೇ ಸಿಗುವಂಥದ್ದು ಎಂದು ನಿರ್ಧರಿಸಿ ಒಂದನ್ನು ಆರಿಸಿಕೊಂಡೆ.

ಒಂದೇ ಮಾದರಿಯ ಎರಡು ಪಿಸ್ತೂಲುಗಳೂ ಒಂದೇ ಸಮ ಇರುವುದಿಲ್ಲ. ಅಂಗಡಿಯವರ ಅನುಮತಿ ಪಡೆದು, ಖಾಲಿ ಎಂದು ಎರಡು ಸಲ ನೋಡಿ, ಸ್ಲೈಡನ್ನು ನಿಧಾನವಾಗಿ ಹಿಂದೆ ಎಳೆದು ಬಿಡುತ್ತಾ ಎಲ್ಲಾದರೂ ತಡೆ ಸಿಗುತ್ತದೆಯೇ ಎಂದು ಪರೀಕ್ಷಿಸಿದೆ. ಈ ಸಣ್ಣ ಪಿಸ್ತೂಲುಗಳಲ್ಲಿ ಬ್ಯಾರೆಲ್ಲನ್ನು ಬಂಧಿಸುವ ಬೀಗವಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲವೇ ಸ್ಫೋಟದ ಒತ್ತಡವನ್ನು ತಡೆಹಿಡಿಯುತ್ತವೆ. ಅದಕ್ಕಾಗಿ ಸ್ಪ್ರಿಂಗು ಗಾತ್ರಕ್ಕೆ ಮೀರಿ ಬಿಗಿಯಾಗಿರುತ್ತದೆ. ಬೆರಳುಗಳಲ್ಲಿ ಸಂಧಿವಾತವಿರುವ ಹಿರಿಯರು ಈ ಒಂದು ಪರೀಕ್ಷೆಯಲ್ಲೇ ಪಿಸ್ತೂಲನ್ನು ಬಿಟ್ಟು ರಿವಾಲ್ವರಿಗೆ ಹೋಗುವುದು ಒಳ್ಳೆಯದು. ಸೇಫ್ಟಿ ಗುಂಡಿ ಹೆಬ್ಬೆರಳಿಗೆ ಸಲೀಸಾಗಿ ಸಿಗುತ್ತದೆಯೇ, ಬೆವರಿದ ಕೈಯಲ್ಲಿ ಹಿಡಿ ಜಾರುತ್ತದೆಯೇ, ಒತ್ತಡ ಪರೀಕ್ಷೆಯ ಮುದ್ರೆ ಸ್ಪಷ್ಟವಾಗಿದೆಯೇ, ಕೊರೆದ ಸಂಖ್ಯೆ ಕಾಗದದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿ ಹಣ ಕೊಟ್ಟೆ.

ಕೊಂಡ ಮಾತ್ರಕ್ಕೆ ನಂಬಿಕೆ ಬರಲಿಲ್ಲ. ಸೊಂಟದಲ್ಲಿಡುವ ಮೊದಲು ಇನ್ನೂರು ಗುಂಡುಗಳಾದರೂ ಅಡಚಣೆಯಿಲ್ಲದೆ ಹಾರಬೇಕೆಂದು ಹೊರದೇಶದ ತರಬೇತುದಾರರು ಹೇಳುವುದುಂಟು. ನಮ್ಮಲ್ಲಿ ತೋಟಾಗಳ ಮಿತಿ ಪರವಾನಗಿಯಲ್ಲೇ ನಮೂದಾಗಿರುತ್ತದೆ, ಬೆಲೆಯೂ ಹಗುರವಲ್ಲ. ಹಾಗೆಂದು ತೋಟದ ಬಾವಿಯ ಬದಿಯಲ್ಲಿ ಹಾರಿಸಿ ನೋಡುವಂತಿಲ್ಲ. ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅನುಮತಿಯಿರುವ ಶೂಟಿಂಗ್ ರೇಂಜಿನಲ್ಲಿ, ಮಿತಿಯೊಳಗೆ, ಸ್ವಲ್ಪ ಸ್ವಲ್ಪವಾಗಿ ಹಾರಿಸುತ್ತಾ ಹೋದೆ. ಎರಡೂ ಮ್ಯಾಗಜೀನಿಗೆ ಗುರುತು ಹಾಕಿ, ಯಾವುದರಲ್ಲಿ ಏನಾಯಿತೆಂದು ವಹಿಯಲ್ಲಿ ಬರೆದೆ. ಟ್ರಿಗರ್ ಎಳೆದರೂ ತೋಟಾ ಹತ್ತದಿದ್ದಾಗ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ಏಕೆಂದರೆ ಕೆಲವೊಮ್ಮೆ ಅದು ತಡವಾಗಿ ಹತ್ತುತ್ತದೆ. ಮಣಿಕಟ್ಟು ಸಡಿಲವಾಗಿದ್ದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ ಖಾಲಿ ಕವಚ ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಬೀಳಬಹುದು ಎಂಬುದನ್ನೂ ಅಲ್ಲೇ ಕಂಡೆ. ಹಾಗಾಗಿ ಹಿಡಿತದ ಅಭ್ಯಾಸವೂ ಪಿಸ್ತೂಲಿನ ವಿಶ್ವಾಸಾರ್ಹತೆಯ ಭಾಗವೇ ಆಗಿದೆ.

ಒಯ್ಯುವ ರೀತಿಯ ಬಗ್ಗೆ ನನ್ನ ನಿಲುವು ಗಟ್ಟಿಯಾಗಿದೆ. ಹಳೆಯ ವಿನ್ಯಾಸದ ಹಲವು ಪಿಸ್ತೂಲುಗಳು ತೋಟಾ ಒಳಗಿರುವಾಗ ಕೆಳಗೆ ಬಿದ್ದರೆ ಹಾರುವ ಸಾಧ್ಯತೆಯಿದೆ. ಆದ್ದರಿಂದ ನಾನು ಮ್ಯಾಗಜೀನ್ ತುಂಬಿ, ಚೇಂಬರನ್ನು ಖಾಲಿಯಿಟ್ಟೇ ಒಯ್ಯುತ್ತೇನೆ. ಸ್ಲೈಡ್ ಎಳೆಯಲು ಬೇಕಾಗುವ ಆ ಒಂದು ಕ್ಷಣದ ನಷ್ಟವನ್ನು ತಿಳಿದೇ ಒಪ್ಪಿಕೊಂಡಿದ್ದೇನೆ. ಹೋಲ್‌ಸ್ಟರು ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಜೇಬಿನಲ್ಲಿ ಕೀಲಿಕೈಗಳ ಜೊತೆ ಬರಿದೇ ಇಡುವುದು ಅಪಾಯ. ಚರ್ಮದ ಹೋಲ್‌ಸ್ಟರ್ ಬೆವರನ್ನು ಹೀರಿಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಅದಕ್ಕೆ ರಾತ್ರಿ ಪಿಸ್ತೂಲನ್ನು ಅದರೊಳಗೆ ಬಿಡುವುದಿಲ್ಲ. ಒಣಬಟ್ಟೆಯಿಂದ ಒರೆಸಿ, ಎಣ್ಣೆಯ ತೆಳುವಾದ ಪದರ ಸವರಿ, ಕೀಲಿಯಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡುತ್ತೇನೆ. ಎಣ್ಣೆ ಹೆಚ್ಚಾದರೆ ನಮ್ಮ ಎರೆಮಣ್ಣಿನ ದೂಳು ಅದಕ್ಕೆ ಅಂಟಿ ಕೆಸರಾಗುತ್ತದೆ, ಸ್ಲೈಡ್ ಭಾರವಾಗುತ್ತದೆ. ಪೆಟ್ಟಿಗೆಯ ಕೀಲಿ ಎಲ್ಲಿದೆಯೆಂಬುದು ಮಕ್ಕಳಿಗೆ ಗೊತ್ತಿಲ್ಲ.

ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳಲ್ಲಿದೆ. ರಕ್ಷಣೆಗೆ ಅಗತ್ಯವಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿ ಇದು ಆತ್ಮರಕ್ಷಣೆಯೆಂದು ವಾದಿಸುವುದು ಕಷ್ಟ. ಪಿಸ್ತೂಲು ಕೊಳ್ಳುವವರು ವಕೀಲರೊಬ್ಬರ ಬಳಿ ಒಂದು ಗಂಟೆ ಕುಳಿತು ಈ ಕಲಮುಗಳನ್ನು ತಿಳಿದುಕೊಳ್ಳಲಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ.

ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠೇವಣಿ ಇಡುವಂತೆ ಆದೇಶ ಬರುತ್ತದೆ. ಠಾಣೆಗೆ ಕೊಡುವ ಮೊದಲು ಬ್ಯಾರೆಲ್ಲಿನೊಳಗೂ ಹೊರಗೂ ಎಂದಿಗಿಂತ ತುಸು ದಪ್ಪವಾಗಿ ಎಣ್ಣೆ ಹಚ್ಚುತ್ತೇನೆ, ಸಂಖ್ಯೆ ಬರೆದ ರಸೀದಿ ಪಡೆಯುತ್ತೇನೆ. ಮರಳಿ ಬಂದ ಮೇಲೆ ಬ್ಯಾರೆಲ್ಲನ್ನು ಒಣಗಿಸಿ, ಎರಡೂ ಮ್ಯಾಗಜೀನುಗಳನ್ನು ಡಮ್ಮಿ ತೋಟಾಗಳಿಂದ ತುಂಬಿ, ಒಂದೊಂದನ್ನೂ ಸ್ಲೈಡಿನಿಂದ ಹೊರತೆಗೆದು ನೋಡುತ್ತೇನೆ. ರೇಂಜಿನಲ್ಲಿ ಮತ್ತೊಮ್ಮೆ ಹಾರಿಸಿ ವಹಿಯಲ್ಲಿ ಬರೆದ ನಂತರವೇ ಅದು ಸಾಂಗಲಿಯ ದಾರಿಗೆ ನನ್ನೊಡನೆ ಹೊರಡುತ್ತದೆ.