ಫ್ಲಾರೆನ್ಸ್‌ನಲ್ಲಿ ಗುಮ್ಮಟದ ಟಿಕೆಟ್ ಸಿಗಲಿಲ್ವಾ?

ಬೇಜಾರು ಮಾಡ್ಕೋಬೇಡಿ. ಇಟಲಿಯ ಈ ಊರಿನ ದೊಡ್ಡ ಚರ್ಚ್ ಮೇಲೆ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಕಟ್ಟಿದ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಹತ್ತುವ ಸಮಯವನ್ನು ಮೊದಲೇ ಬುಕ್ ಮಾಡಿರಬೇಕು. ಸಿಗದಿದ್ದರೆ ಪಕ್ಕದಲ್ಲೇ ಇರುವ ಜೊಟ್ಟೊ ಗಂಟೆಗೋಪುರ ಹತ್ತಿ. ಅಲ್ಲಿ 414 ಮೆಟ್ಟಿಲು, ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಜಾಗ ಇದೆ. ನನ್ನ ಕೇಳಿದರೆ ಇದೇ ವಾಸಿ. ಗುಮ್ಮಟದ ಮೇಲೆ ನಿಂತರೆ ಗುಮ್ಮಟವೇ ಕಾಣಲ್ಲ, ಅಲ್ವಾ? ಇಲ್ಲಿಂದ ಕೆಂಪು ಹೆಂಚು, ನಡುವೆ ಎದ್ದ ಬಿಳಿ ಪಟ್ಟಿಗಳು, ತುದಿಯಲ್ಲಿ ಇರುವೆ ಸಾಲಿನ ಹಾಗೆ ಜನ, ಎಲ್ಲ ಕಣ್ಣೆದುರಿಗೇ. ಮೇಲೆ ತಂತಿಬಲೆ ಹಾಕಿದ್ದಾರೆ. ಮೊಬೈಲ್ ಕ್ಯಾಮೆರಾವನ್ನು ಬಲೆಯ ಕಿಂಡಿಗೆ ಒತ್ತಿ ಹಿಡಿದರೆ ಫೋಟೊ ಚೆನ್ನಾಗಿ ಬರುತ್ತೆ.

ಕೆಳಗೆ ಬ್ಯಾಪ್ಟಿಸ್ಟರಿಯ (ದೀಕ್ಷಾಸ್ನಾನಕ್ಕೆಂದು ಕಟ್ಟಿದ ಕಟ್ಟಡ) ಚಿನ್ನದ ಬಾಗಿಲ ಮುಂದೆ ಸದಾ ಗುಂಪು. ಅದು ನಕಲು. ಗಿಬೆರ್ಟಿ ಮಾಡಿದ ಅಸಲಿ ಬಾಗಿಲು ಚರ್ಚ್ ಹಿಂದಿನ ಮ್ಯೂಸಿಯಂನಲ್ಲಿದೆ, ಆರಾಮಾಗಿ ನೋಡಬಹುದು.

ಸೋಮವಾರ ಒಂದೇ ದಿನ ಇಟ್ಟುಕೊಂಡು ಹೋಗಬೇಡಿ. ಉಫ್ಫಿಜಿ ಕಲಾ ಮ್ಯೂಸಿಯಂ, ಮೈಕೆಲೆಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ ಇರುವ ಅಕಾಡೆಮಿಯಾ ಮ್ಯೂಸಿಯಂ, ಎರಡಕ್ಕೂ ಅವತ್ತು ರಜೆ. ನಾನು ಹಾಗೇ ಹೋಗಿ ಸಿನ್ಯೋರಿಯಾ ಚೌಕದಲ್ಲಿರುವ ನಕಲು ಡೇವಿಡ್ ನೋಡಿ ಬಂದೆ! ಚರ್ಚ್ ಒಳಗೆ ಹೋಗಲು ಭುಜ, ಮಂಡಿ ಮುಚ್ಚಿರಬೇಕು. ಬ್ಯಾಗಿನಲ್ಲಿ ಒಂದು ದುಪಟ್ಟಾ ಇರಲಿ.