ಬಜೆಯಂತೆ ಕಂಡ ಬಿಳಿ ಐರಿಸ್

ಏಳು ವರ್ಷಗಳ ಹಿಂದೆ ಗೆಳತಿಯೊಬ್ಬಳು ಊಟಿಯ ಹಳೆಯ ತೋಟವೊಂದರಿಂದ ಬಿಳಿ ಐರಿಸ್ ಹೂಗಿಡದ ಮೂರು ಗೆಡ್ಡೆ ತಂದುಕೊಟ್ಟಳು. ಕತ್ತಿಯಂತಹ ಎಲೆ, ಶುಂಠಿಯಂತಹ ಗೆಡ್ಡೆ. ನೋಡಿದೊಡನೆ ಅತ್ತೆಯವರು, “ಇದು ಬಜೆಯಲ್ಲವೇನೇ?” ಎಂದರು. ನನಗೂ ಹಾಗೆಯೇ ಕಂಡಿತು. ಬಚ್ಚಲ ನೀರು ಹರಿಯುವ ಕಡೆ, ಬಜೆಯ ಪಕ್ಕದಲ್ಲಿಯೇ ನಾಲ್ಕು ಬೆರಳು ಆಳಕ್ಕೆ ಹೂತು, ಮೇಲೆ ಕೊಟ್ಟಿಗೆ ಗೊಬ್ಬರ ಹಾಕಿದೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಎರಡು ಗೆಡ್ಡೆಗಳು ಕೊಳೆತು ನಾರುತ್ತಿದ್ದವು.

ಮೂರನೆಯದನ್ನು ಕಿತ್ತು, ಗಟ್ಟಿ ತಿರುಳು ಸಿಗುವವರೆಗೆ ಮೆತ್ತಗಾದುದನ್ನೆಲ್ಲ ಕೆತ್ತಿ, ಬೂದಿ ಸವರಿ ಜಗಲಿಯಲ್ಲಿ ಒಣಗಿಸಿದೆ. ಇಂದು ನನ್ನಲ್ಲಿರುವ 14 ಕುಂಡಗಳೂ ಆ ತುಂಡಿನ ಸಂತತಿ.

ಇದು ಐರಿಸ್ ಆಲ್ಬಿಕಾನ್ಸ್. ಯೆಮೆನ್, ಸೌದಿ ಅರೇಬಿಯಾ ಇದರ ತವರು. ಮುಸ್ಲಿಮರು ಸಮಾಧಿಗಳ ಮೇಲೆ ನೆಡುತ್ತ ಸ್ಪೇನಿನವರೆಗೂ ಇದನ್ನು ಒಯ್ದರು. ಬೀಜ ಕಟ್ಟದ ಗಿಡ. ಶತಮಾನಗಳಿಂದ ಗೆಡ್ಡೆ ಮುರಿದು ಕೈಯಿಂದ ಕೈಗೆ ಕೊಟ್ಟೇ ಉಳಿದಿದೆ, ನಮ್ಮಲ್ಲಿ ಡೇರೆ ಹೂವಿನ (ಡೇಲಿಯಾ) ಗೆಡ್ಡೆ ಮನೆಯಿಂದ ಮನೆಗೆ ಹೋಗುವಂತೆ. ಬಾಗಿದ ಎಸಳುಗಳ ಮೇಲೆ ಹಳದಿ ರೋಮದ ಸಾಲಿರುವುದರಿಂದ ಗಡ್ಡದ ಐರಿಸ್‌ಗಳ ಗುಂಪಿಗೆ ಸೇರುತ್ತದೆ. ಆ ಗುಂಪಿನ ಹೆಚ್ಚಿನವಕ್ಕೆ ಹೂ ಬಿಡಲು ಕೊರೆಯುವ ಚಳಿ ಬೇಕು. ಬಿಸಿಲ ನಾಡಿನ ಇದಕ್ಕೆ ನಮ್ಮ ಧನುರ್ಮಾಸದ ಚಳಿಯೇ ಸಾಕಾಯಿತು.

ನೆಡುವಾಗ ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣುತ್ತಿರಬೇಕು, ಕೆರೆಯಲ್ಲಿ ಎಮ್ಮೆ ಮಲಗಿದ ಹಾಗೆ. ಶುಂಠಿ ನೆಟ್ಟು ರೂಢಿಯಾದ ಕೈ ಮತ್ತೆ ಮತ್ತೆ ಮಣ್ಣು ಮುಚ್ಚಲು ಹೋಗುತ್ತದೆ, ತಡೆಯಬೇಕು. ಕೆಮ್ಮಣ್ಣಿಗೆ ಅರ್ಧದಷ್ಟು ಹೊಳೆ ಮರಳು ಬೆರೆಸಿ, ಕುಂಡದ ತಳಕ್ಕೆ ಹೆಂಚಿನ ಚೂರು ಹಾಕುತ್ತೇನೆ. ನಮ್ಮ ಮಣ್ಣು ಹುಳಿ. ಆದ್ದರಿಂದ ಒಂದು ಚಮಚ ಸುಣ್ಣ, ಒಂದು ಹಿಡಿ ಬಚ್ಚಲ ಒಲೆಯ ಬೂದಿ. ಹಸಿ ಗೊಬ್ಬರ ಬೇಡವೇ ಬೇಡ: ಎಲೆ ಸೊಕ್ಕಿ ಬೆಳೆಯುತ್ತದೆ, ಗೆಡ್ಡೆ ಕೊಳೆಯುತ್ತದೆ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ. ತೀರ್ಥಹಳ್ಳಿಯ ಹತ್ತಿರದ ನಮ್ಮೂರಿಗೆ ಅಷ್ಟಿಲ್ಲ, ಆದರೂ ಈ ಗೆಡ್ಡೆಯನ್ನು ಮುಗಿಸಲು ಅದರ ಕಾಲುಭಾಗ ಸಾಕು. ಅಡಿಕೆ ಒಣಗಿಸುವ ಪಾಲಿಹೌಸ್ ಮಳೆಗಾಲದಲ್ಲಿ ಖಾಲಿಯಿರುತ್ತದೆಯಲ್ಲ! ಮೃಗಶಿರಾ ಮಳೆ ಹಿಡಿಯುವ ಮೊದಲೇ ಕುಂಡಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಎರಡು ಬದಿಯ ಪರದೆ ಎತ್ತಿ ಗಾಳಿಯಾಡಲು ಬಿಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರು. ಈ ಉಪಾಯ ಹೊಳೆದ ಮೇಲೆ ಒಂದು ಗೆಡ್ಡೆಯೂ ಕೊಳೆತಿಲ್ಲ.

ಅಡಿಕೆ ಕೊಯ್ಲಿಗೆ ಜಾಗ ಬೇಕಾಗುವ ಹೊತ್ತಿಗೆ ಕುಂಡಗಳು ಅಂಗಳಕ್ಕೆ ಬರುತ್ತವೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಹೂಬಿಟ್ಟ ಗೆಡ್ಡೆ ಮತ್ತೆ ಹೂಬಿಡುವುದಿಲ್ಲ, ಅದರ ಪಕ್ಕದ ಮರಿಗಳು ಬಿಡುತ್ತವೆ. ಮೂರು ವರ್ಷಕ್ಕೊಮ್ಮೆ ದೀಪಾವಳಿಯ ನಂತರ ಮರಿ ಬಿಡಿಸಿ ನೆಡುತ್ತೇನೆ. ದನ ಬಾಯಿ ಹಾಕದಂತೆ ನೋಡಿಕೊಳ್ಳಬೇಕು, ಗೆಡ್ಡೆ ವಿಷ.

ಮೊದಲ ಹೂ ಮೂರನೆಯ ವರ್ಷ ಶಿವರಾತ್ರಿಯ ಹಿಂದಿನ ದಿನ ಅರಳಿತು. ಅತ್ತೆಯವರು ಬಗ್ಗಿ ಮೂಸಿ, ತಮ್ಮ ತವರಿಗೆ ಒಂದು ಮರಿ ಬೇಕೆಂದರು.