‘ದ ಡೇ ಆಫ್ ದ ಡಾಕ್ಟರ್’ ಹೊಸಬರಿಗೆ ತೋರಿಸುವುದು ಹೇಗೆ: ಕೂಗು ಏಳಬೇಕಾದ ಕಡೆ ಏಳಬೇಕೆಂದರೆ

‘ಡಾಕ್ಟರ್ ಹೂ’ ಬ್ರಿಟನ್ನಿನ ವೈಜ್ಞಾನಿಕ ಕಾಲ್ಪನಿಕ ಟಿವಿ ಸರಣಿ. ಅದರ ನಾಯಕ ಡಾಕ್ಟರ್ ಕಾಲದಲ್ಲಿ ಸಂಚರಿಸುವ ಅನ್ಯಗ್ರಹದವನು, ಸಾಯುವ ಹೊತ್ತಿಗೆ ಹೊಸ ರೂಪ ತಾಳುತ್ತಾನೆ, ಹಾಗಾಗಿ ಬೇರೆ ಬೇರೆ ನಟರು ಆ ಪಾತ್ರ ಮಾಡಿದ್ದಾರೆ. 2013ರ ನವೆಂಬರ್ 23ಕ್ಕೆ ಸರಣಿಗೆ 50 ವರ್ಷ ತುಂಬಿತು. ಅಂದು ಬಿಬಿಸಿ ‘ದ ಡೇ ಆಫ್ ದ ಡಾಕ್ಟರ್’ ಎಂಬ ವಿಶೇಷ ಕಂತನ್ನು 94 ದೇಶಗಳಲ್ಲಿ ಒಂದೇ ಹೊತ್ತಿಗೆ ಬಿತ್ತರಿಸಿತು, ಅದು ಗಿನ್ನೆಸ್ ದಾಖಲೆಯೂ ಆಯಿತು. ಪರದೆಯ ಮೇಲೆ ಬರೀ ಎರಡು ಕಣ್ಣು ಕಂಡದ್ದಕ್ಕೆ ಅಭಿಮಾನಿಗಳು ಕಿರುಚಿದರು. ಅದೇ ಕಂತನ್ನು ಇವತ್ತು ಸ್ನೇಹಿತರನ್ನು ಕೂರಿಸಿಕೊಂಡು ನೇರವಾಗಿ ಹಾಕಿ ನೋಡಿ, ಅದೇ ಜಾಗದಲ್ಲಿ “ಯಾರಿದು?” ಅಂತಾರೆ. ಕಂತು ಅದೇ, ಆದರೆ ಅಂದಿನ ನೋಡುಗರ ಹಿಂದೆ ಇದ್ದ ಕಾಯುವಿಕೆ ಇವರ ಹಿಂದೆ ಇಲ್ಲ. ಅದನ್ನು ಕಟ್ಟಿಕೊಡುವುದೇ ತೋರಿಸುವವರ ಕೆಲಸ. ಮುಕ್ಕಾಲು ಪಾಲು ಕೆಲಸ ಕಂತು ಶುರುವಾಗುವ ಮೊದಲೇ ಮುಗಿದಿರಬೇಕು.

ಇದಕ್ಕೆ ಮೂರು ಸಂಜೆ ಸಾಕು. ಒಟ್ಟು ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಮೊದಲ ಸಂಜೆ, 50 ನಿಮಿಷ. 1963ರ ಮೊಟ್ಟಮೊದಲ ಕಂತು ‘ಆ್ಯನ್ ಅನರ್ತ್ಲಿ ಚೈಲ್ಡ್’ (25 ನಿಮಿಷ) ಹಾಕಿ. ಕಪ್ಪುಬಿಳುಪು, ನಿಧಾನ ಅಂತ ಬಿಡಬೇಡಿ. ವಿಶೇಷ ಕಂತು ಶುರುವಾಗುವುದೇ ಈ ಕಂತಿನ ಶೀರ್ಷಿಕೆ ಚಿತ್ರಿಕೆ, ಗಸ್ತಿನ ಪೊಲೀಸ್ ಮತ್ತು ಕೋಲ್ ಹಿಲ್ ಶಾಲೆಯಿಂದ. ಶಾಲೆಯ ಫಲಕದ ಮೇಲೆ ಮೊದಲ ಕಂತಿನ ಮೇಷ್ಟ್ರು ಚೆಸ್ಟರ್‌ಟನ್ ಅವರ ಹೆಸರಿದೆ, ಗೋಡೆ ಗಡಿಯಾರ 5:16 ತೋರಿಸುತ್ತದೆ. 1963ರಲ್ಲಿ ಮೊದಲ ಕಂತು ಪ್ರಸಾರ ಶುರುವಾದ ಹೊತ್ತು ಅದು. ಮೊದಲ ಎರಡು ನಿಮಿಷದಲ್ಲೇ ನಿಮ್ಮವರು ಒಬ್ಬರನ್ನೊಬ್ಬರು ತಿವಿಯಬೇಕಾದರೆ ಇದನ್ನು ನೋಡಿರಲೇಬೇಕು. ಇದನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ಆಗ ಅವರಿಗೆ ಕೇವಲ 24 ವರ್ಷ. ಈ ಮಾತನ್ನು ಹೇಳಿಯೇ ಶುರುಮಾಡಿ, ನಮ್ಮ ಕಡೆಯವರು ಇನ್ನಷ್ಟು ಗಮನ ಕೊಟ್ಟು ನೋಡುತ್ತಾರೆ.

ಅದರ ಬೆನ್ನಿಗೆ 1979ರ ‘ಸಿಟಿ ಆಫ್ ಡೆತ್’ ಕಥೆಯ ಮೊದಲ ಭಾಗ ಮಾತ್ರ (25 ನಿಮಿಷ). ಇದು ಆಗಿನ ಡಾಕ್ಟರ್ ಟಾಮ್ ಬೇಕರ್ ಅವರ ದನಿ ಕಿವಿಗೆ ಬೀಳಲಿ ಅಂತ. ಯಾಕೆಂಬುದನ್ನು ಈಗಲೇ ಯಾರಿಗೂ ಹೇಳಬೇಡಿ.

ಎರಡನೇ ಸಂಜೆ, 90 ನಿಮಿಷ. 2005ರ ‘ಡಾಲೆಕ್’ ಮತ್ತು 2006ರ ‘ಡೂಮ್ಸ್‌ಡೇ’. ಮೊದಲನೆಯದರಲ್ಲಿ ತನ್ನ ಜನಾಂಗಕ್ಕೂ ಡಾಲೆಕ್ ಎಂಬ ಶತ್ರುಗಳಿಗೂ ನಡೆದ ಮಹಾಯುದ್ಧ ಟೈಮ್ ವಾರ್ ಮುಗಿಸಿದ್ದು ತಾನೇ, ತನ್ನವರೆಲ್ಲ ಸುಟ್ಟುಹೋದರು ಎಂದು ಕ್ರಿಸ್ಟೋಫರ್ ಎಕಲ್‌ಸ್ಟನ್ ಅವರ ಡಾಕ್ಟರ್ ಒಪ್ಪಿಕೊಳ್ಳುತ್ತಾನೆ. ಈ ಪಾಪಭಾರ ಗೊತ್ತಿಲ್ಲದಿದ್ದರೆ ವಿಶೇಷ ಕಂತಿನ ಕೊನೆಯ ನಿರ್ಧಾರ ಬರೀ ಗದ್ದಲದಂತೆ ಕಾಣುತ್ತದೆ. ಎರಡನೆಯದು ಮುಂದಿನ ಡಾಕ್ಟರ್ ಡೇವಿಡ್ ಟೆನಂಟ್ ಮತ್ತು ಅವನ ಜೊತೆಗಾತಿ ರೋಸ್ ಆಗಿರುವ ಬಿಲ್ಲಿ ಪೈಪರ್‌ಗಾಗಿ. ಎರಡು ಭಾಗದ ಕಥೆಯ ಕೊನೆಯ ಭಾಗವಾದ್ದರಿಂದ ಹಿಂದಿನದನ್ನು ಎರಡು ವಾಕ್ಯದಲ್ಲಿ ಹೇಳಿಬಿಡಿ. ಒಂದು ಎಚ್ಚರಿಕೆ: ಇದನ್ನು ನೋಡಿದವರು ವಿಶೇಷ ಕಂತಿನಲ್ಲಿ ರೋಸ್ ವಾಪಸ್ ಬರುತ್ತಾಳೆ ಅಂತ ಕಾಯುತ್ತಾರೆ. ಪೈಪರ್ ಬರುವುದು ನಿಜ, ಆದರೆ ರೋಸ್ ಆಗಿ ಅಲ್ಲ, ‘ದ ಮೊಮೆಂಟ್’ ಎಂಬ ಆಯುಧದ ರೂಪವಾಗಿ. ಟೆನಂಟ್‌ರ ಡಾಕ್ಟರ್‌ಗೆ ಅವಳು ಕಾಣುವುದೇ ಇಲ್ಲ. ರೋಸ್‌ಳನ್ನು ನೆನಪಿಸುವ ‘ಬ್ಯಾಡ್ ವುಲ್ಫ್’ ಎಂಬ ಎರಡು ಪದ ಕಿವಿಗೆ ಬಿದ್ದು ಬೆಚ್ಚುತ್ತಾನೆ, ಅಷ್ಟೇ. “ಪೈಪರ್ ಇದ್ದಾರೆ, ರೋಸ್ ಇಲ್ಲ” ಎಂದು ಮೊದಲೇ ಹೇಳಿಡಿ. ಹೇಳದಿದ್ದರೆ ಅವರು ಕಂತಿಡೀ ಬಾರದ ಭೇಟಿಯನ್ನು ಹುಡುಕುತ್ತಾ ಕೂರುತ್ತಾರೆ.

ಮೂರನೇ ಸಂಜೆ, 52 ನಿಮಿಷ. 2013ರ ಮೇ 18ರ ‘ದ ನೇಮ್ ಆಫ್ ದ ಡಾಕ್ಟರ್’, ನಂತರ ನವೆಂಬರ್ 14ರಂದು ಆನ್‌ಲೈನ್‌ನಲ್ಲಿ ಬಿಟ್ಟ 7 ನಿಮಿಷದ ‘ದ ನೈಟ್ ಆಫ್ ದ ಡಾಕ್ಟರ್’. ಕ್ರಮ ತಿರುಗಾಮುರುಗಾ ಆದರೆ ಕೆಟ್ಟಿತು. ಮೊದಲನೆಯದು ಕೊನೆಯಲ್ಲಿ ಕಾಣಿಸುವ ಜಾನ್ ಹರ್ಟ್ ಅವರ ಪಾತ್ರ ಯಾರು ಎಂಬ ಪ್ರಶ್ನೆ ಹಾಕುತ್ತದೆ, ಎರಡನೆಯದು ಉತ್ತರ. ಆಮೇಲೆ ಅಲ್ಲಿಗೇ ನಿಲ್ಲಿಸಿ, ಎಲ್ಲರನ್ನೂ ಮನೆಗೆ ಕಳಿಸಿ. ಅಂದಿನವರು ಈ ಪ್ರಶ್ನೆ ಹೊತ್ತು ಆರು ತಿಂಗಳು ಕಾದಿದ್ದರು. ನಿಮ್ಮವರು ಒಂದು ರಾತ್ರಿಯಾದರೂ ಕಾಯಲಿ.

ಹೋಗುವ ಮುಂಚೆ ಪೀಟರ್ ಕಪಾಲ್ಡಿ ಅವರ ಒಂದು ಫೋಟೊ ತೋರಿಸಿ, “ಮುಂದಿನ ಡಾಕ್ಟರ್ ಇವರು, ಆದರೆ ಬರುವುದು ಕ್ರಿಸ್ಮಸ್‌ಗೆ” ಎನ್ನಿ. ಅಂದಿನ ನೋಡುಗರಿಗೆ ಗೊತ್ತಿದ್ದುದೂ ಇಷ್ಟೇ. 2013ರ ಆಗಸ್ಟ್‌ನಲ್ಲಿ ಹೆಸರು ಘೋಷಣೆಯಾಗಿತ್ತು. ಫೋಟೊದಲ್ಲಿ ಹುಬ್ಬು ಸ್ಪಷ್ಟವಾಗಿ ಕಾಣಬೇಕು. ವಿಶೇಷ ಕಂತಿನ ಕೊನೆಯ ಕಾಲು ಗಂಟೆಯಲ್ಲಿ ಹನ್ನೆರಡು ಡಾಕ್ಟರ್‌ಗಳೂ ಬಂದರು ಎಂದಾಗ ಒಬ್ಬ “ಇಲ್ಲ, ಹದಿಮೂರು” ಅನ್ನುತ್ತಾನೆ. ಆಗ ಕಾಣುವುದು ಒಂದು ಕೈ, ಆ ಹುಬ್ಬು, ಆ ಕಣ್ಣು, ಅರೆಕ್ಷಣ. ಫೋಟೊ ನೋಡಿದವರಿಗೆ ಮಾತ್ರ ಅದು ಮುಖ.

ಟಾಮ್ ಬೇಕರ್ ವಿಷಯ ಇನ್ನೂ ಸೂಕ್ಷ್ಮ. 1974ರಿಂದ 1981ರವರೆಗೆ ಡಾಕ್ಟರ್ ಆಗಿದ್ದವರು, ಎಲ್ಲರಿಗಿಂತ ದೀರ್ಘಕಾಲ. 1983ರ 20ನೇ ವರ್ಷದ ‘ದ ಫೈವ್ ಡಾಕ್ಟರ್ಸ್’ನಲ್ಲಿ ನಟಿಸಲು ಒಪ್ಪದ ಕಾರಣ ಅರ್ಧಕ್ಕೆ ನಿಂತಿದ್ದ ಹಳೆಯ ಚಿತ್ರೀಕರಣದ ತುಣುಕು ಹಾಕಿ ಜಾಗ ತುಂಬಿದ್ದರು. ಆ ಖಾಲಿ ಜಾಗ ಮೂವತ್ತು ವರ್ಷ ಹಾಗೇ ಇತ್ತು. ಹಳೆಯ ಅಭಿಮಾನಿಗಳು 2013ರಲ್ಲಿ ಅತ್ತದ್ದು ಅದು ತುಂಬಿದ್ದಕ್ಕೆ. ವಿಶೇಷ ಕಂತಿನ ಕೊನೆಗೆ ಬರುವ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ದೃಶ್ಯದಲ್ಲಿ ಮೊದಲು ಬರುವುದು ಬೇಕರ್ ಅವರ ದನಿ, ಮುಖ ಆಮೇಲೆ. ಇಲ್ಲಿ ಸಬ್‌ಟೈಟಲ್ ಕಾಟ ಕೊಡುತ್ತದೆ: ಅಕ್ಷರ ದನಿಗಿಂತ ಮುಂಚೆ ಮೂಡಬಹುದು, ಕೆಲವು ಸಬ್‌ಟೈಟಲ್‌ಗಳು ಮಾತಾಡುವವರ ಹೆಸರನ್ನೂ ಹಾಕುತ್ತವೆ. ಹಿಂದಿನ ದಿನವೇ ಕೊನೆಯ ಹತ್ತು ನಿಮಿಷ ಓಡಿಸಿ ಪರೀಕ್ಷಿಸಿ. ಹೆಸರು ಬರುತ್ತಿದ್ದರೆ ಆ ದೃಶ್ಯಕ್ಕೆ ಮುಂಚೆ ಸದ್ದಿಲ್ಲದೆ ಸಬ್‌ಟೈಟಲ್ ಆಫ್ ಮಾಡಿ. ಆ್ಯಪ್‌ನಲ್ಲಿ ನಟರ ಪಟ್ಟಿ ಇರುವ ಪುಟವನ್ನೂ ಟಿವಿಯ ಮೇಲೆ ತೆರೆಯಬೇಡಿ.

ಕಂತಿನ ದಿನ ಆಗಲೇ ನೋಡಿರುವವರನ್ನು ಹಿಂದಿನ ಸಾಲಿಗೆ ಕೂರಿಸಿ. ಒಳ್ಳೆಯ ಜಾಗ ಹತ್ತಿರ ಬರುತ್ತಿದ್ದಂತೆ ಅವರು ಪರದೆ ಬಿಟ್ಟು ಹೊಸಬರ ಮುಖ ನೋಡತೊಡಗುತ್ತಾರೆ. ಮುಂದೆ ಕೂತಿದ್ದರೆ ಗುಟ್ಟು ರಟ್ಟಾಯಿತು. 77 ನಿಮಿಷ ನಡುವೆ ನಿಲ್ಲಿಸುವಂತಿಲ್ಲ. ಕಾಫಿ, ಕುರುಕಲು ಎಲ್ಲ ಮೊದಲೇ ಮುಗಿಸಿ.

ಪ್ರತಿಕ್ರಿಯೆ ಚಿತ್ರೀಕರಿಸುವುದಾದರೆ ಎಲ್ಲರ ಒಪ್ಪಿಗೆ ಮೊದಲು ಕೇಳಿ. ಫೋನನ್ನು ಟಿವಿಯ ಪಕ್ಕ, ಕೂತವರ ಕಣ್ಣಿನ ಎತ್ತರಕ್ಕೆ, ಏರ್‌ಪ್ಲೇನ್ ಮೋಡ್‌ನಲ್ಲಿ ಇಡಿ. ಕತ್ತಲ ಕೋಣೆಯಲ್ಲಿ ಮುಖ ಟಿವಿಯ ಬೆಳಕಿಗೆ ಕ್ಷಣಕ್ಕೊಮ್ಮೆ ಮಿನುಗಿ ಫೋಕಸ್ ತಪ್ಪುತ್ತದೆ. ಆದ್ದರಿಂದ ಸಣ್ಣ ಎಲ್‌ಇಡಿ ದೀಪವೊಂದನ್ನು ಗೋಡೆಗೆ ತಿರುಗಿಸಿ ಹಚ್ಚಿ, ಫೋಕಸ್ ಲಾಕ್ ಮಾಡಿ. 1080ಪಿ, 30 ಫ್ರೇಮ್‌ನಲ್ಲಿ ಇಡೀ ಕಂತಿಗೆ 10 ಜಿಬಿ ಖಾಲಿ ಇರಲಿ. ಪ್ಲೇ ಒತ್ತಿದಾಗ ಒಂದು ಚಪ್ಪಾಳೆ ತಟ್ಟಿ, ಯಾವ ಕೂಗು ಯಾವ ದೃಶ್ಯದ್ದು ಎಂದು ಆಮೇಲೆ ಹೊಂದಿಸಲು ಸುಲಭ. ಯೂಟ್ಯೂಬ್‌ಗೆ ಹಾಕುವುದಾದರೆ ಕಂತಿನ ದನಿ ಮತ್ತು ಸಂಗೀತದಿಂದ ಕಾಪಿರೈಟ್ ತಡೆ ಬೀಳಬಹುದು. ಟಿವಿ ಪರದೆ ಚೌಕಟ್ಟಿನಲ್ಲಿ ಇಲ್ಲದ ಚಿಕ್ಕ ತುಣುಕುಗಳನ್ನಷ್ಟೇ ಇಟ್ಟುಕೊಳ್ಳಿ.

ಮುಗಿದ ತಕ್ಷಣ ಚರ್ಚೆಗೆ ಬಿಡಬೇಡಿ. ಮೊದಲು ಮಾತಾಡಿದವರ ಕಡೆಗೇ ಉಳಿದವರೂ ವಾಲುತ್ತಾರೆ. ಒಂದೊಂದು ಚೀಟಿ ಕೊಟ್ಟು ಐದು ನಿಮಿಷ ಮೌನವಾಗಿ ಎರಡು ಬರೆಸಿ: ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ದಾರಿ ತಪ್ಪಿತು. ಟೈಮ್ ವಾರ್‌ನ ಕೊನೆಯನ್ನೇ ಬದಲಾಯಿಸಿದ್ದು ಸರಿಯಾ ಎಂಬ ಜಗಳ ಬಂದೇ ಬರುತ್ತದೆ, ಬರಲಿ. ಎಕಲ್‌ಸ್ಟನ್ ಯಾಕಿಲ್ಲ ಎಂದು ಕೇಳಿದರೆ, ಅವರು ಒಪ್ಪದ್ದರಿಂದಲೇ ಹರ್ಟ್ ಅವರ ಪಾತ್ರ ಹುಟ್ಟಿದ್ದು ಎಂದು ತಿಳಿಸಿ. ಹರ್ಟ್‌ರ ಡಾಕ್ಟರ್ ರೂಪ ಬದಲಿಸತೊಡಗಿದಾಗ ಹೊಸ ಮುಖ ಮೂಡುವ ಮುಂಚೆಯೇ ದೃಶ್ಯ ಕತ್ತರಿಸಿರುವುದೂ ಅದಕ್ಕೇ. ರೂಪ ಬದಲಿಸುವ ಅನ್ಯಗ್ರಹಜೀವಿಗಳಾದ ಜೈಗನ್‌ಗಳ ಒಪ್ಪಂದ ಏನಾಯಿತು ಎಂದು ಹೆಚ್ಚಿನ ಚೀಟಿಗಳಲ್ಲಿ ಬಂದಿದ್ದರೆ, ಆ ಎಳೆ ಮುಂದುವರಿಯುವುದು 2015ರ ‘ದ ಜೈಗನ್ ಇನ್ವೇಶನ್’ ಮತ್ತು ‘ದ ಜೈಗನ್ ಇನ್ವರ್ಶನ್’ನಲ್ಲಿ. ಉದ್ದ ಸ್ಕಾರ್ಫಿನ ಆಸ್‌ಗುಡ್ ಅಲ್ಲೂ ಇದ್ದಾಳೆ, ಕಪಾಲ್ಡಿ ಅಲ್ಲಿ ಪೂರ್ತಿ ಮುಖ ತೋರಿಸುತ್ತಾರೆ. ಎಲ್ಲರೂ ಎದ್ದು ಹೋಗುವ ಮುಂಚೆಯೇ ಅದಕ್ಕೆ ದಿನ ಗೊತ್ತುಮಾಡಿ.